ಹೊರಗ ಹೋಗಿ ಬರ್ತೀನಿ

ಇಂಗ್ಲಿಷ್‌ನ್ಯಾಗ ‘ಔಟ್’ ಅಂತ ಮೂರಕ್ಷರದ ಒಂದು ಸಣ್ಣ ಶಬ್ದ ಅದ. ನಮ್ಮ ಹುಡುಗೂರ ಗ್ರಾಮರ್ ಪುಸ್ತಕದಾಗ ಇದರ ಸಂಸಾರ ದೊಡ್ಡದು. ಗೋ ಔಟ್, ಕಮ್ ಔಟ್, ಟೇಕ್ ಔಟ್, ರನ್ ಔಟ್, ಮೂವ್ ಔಟ್, ಹಿಂಗ ಪಟ್ಟಿ ಹೊಂಟೇ ಇರ್ತದ. ಫ್ರೇಸಲ್ ವರ್ಬ್ ಅಂತಾರ ಅದಕ್ಕ. ಪರೀಕ್ಷಾ ಬಂತಂದ್ರ ಮಕ್ಕಳಿಗೆ ಬಾಯಿಪಾಠ ಮಾಡಸ್ಕೋತ ಕೂಡೋರು ನಾವs. ನನಗೇನೋ ಅದು ಬಾಯಿಪಾಠ ಮಾಡೋ ಪಟ್ಟಿ ಅನ್ನಸೂದಿಲ್ಲ. ಮನಿ ಹೊರಗ ಕಾಲಿಡೋದನ್ನ ಒಂದು ಭಾಷಾ ಹೆಂಗ ಹೇಳ್ತದ ಅನ್ನೋದನ್ನ ನೋಡಿದ್ರ, ನಮ್ಮ ಮನ್ಯಾಗಿನ ಹೆಣ್ಮಕ್ಕಳ ವಿಚಾರನೂ ಒಂದಿಷ್ಟು ಅದರಾಗ ಕಾಣಸ್ತದ.

ಮೊದಲು ಪಟ್ಟೀದು ಗುಟ್ಟು ಹೇಳ್ತೀನಿ. ಇಂಗ್ಲಿಷ್‌ನವರು ಎರಡು ಕೆಲಸಾ ಎರಡು ಶಬ್ದಕ್ಕ ಹಂಚಿ ಕೊಟ್ಟಾರ. ಹೆಂಗ ಹೋದ್ರು ಅನ್ನೋದು ಮೊದಲನೇ ಶಬ್ದದಾಗ, ಯಾವ ಕಡೆ ಹೋದ್ರು ಅನ್ನೋದು ‘ಔಟ್’ನ್ಯಾಗ. ನಡಕೋತ ಹೋದ್ರ ವಾಕ್ ಔಟ್, ಓಡಿದ್ರ ರನ್ ಔಟ್, ಯಾರಿಗೂ ಗೊತ್ತಾಗಧಂಗ ಜಾರಿಕೊಂಡ್ರ ಸ್ಲಿಪ್ ಔಟ್, ಸಿಟ್ಟಿಲೆ ಧಡಾಧಡಾ ಹೋದ್ರ ಸ್ಟಾರ್ಮ್ ಔಟ್, ಐದು ನಿಮಿಷಕ್ಕಂತ ಹೊಸ್ತಿಲ ದಾಟಿದ್ರ ಸ್ಟೆಪ್ ಔಟ್. ನಾವು ‘ಸಿಟ್ಟಿಲೆ ಎದ್ದು ಹೊರಗ ಹೋದ್ಲು’ ಅಂತ ನಾಲ್ಕು ಶಬ್ದದಾಗ ಹೇಳೋದನ್ನ ಅವರು ಎರಡರಾಗ ಮುಗಸ್ತಾರ. ಲಿಯೊನಾರ್ಡ್ ಟಾಲ್ಮಿ ಅಂತ ಅಮೆರಿಕಾದ ಭಾಷಾಶಾಸ್ತ್ರಜ್ಞರು 1985ರ ಒಂದು ಲೇಖನದಾಗ ಇದನ್ನ ಛಂದ ವಿಂಗಡಿಸ್ಯಾರ. ಕೆಲವು ಭಾಷಾದಾಗ ದಾರಿ ಅನ್ನೋದು ಕ್ರಿಯಾಪದದ ಹೊಟ್ಟ್ಯಾಗs ಇರ್ತದ, ಸ್ಪ್ಯಾನಿಷ್‌ನ್ಯಾಗ ಇದ್ದಂಗ. ಕೆಲವದರಾಗ ಬಾಜೂಕ ಕೂತ ಸಣ್ಣ ಶಬ್ದದಾಗ ಇರ್ತದ, ಇಂಗ್ಲಿಷ್‌ನ್ಯಾಗ ಇದ್ದಂಗ.

ನಮ್ಮ ‘ಹೊರಡು’ ಅನ್ನೋದನ್ನ ನೋಡ್ರಿ. ಹಳಗನ್ನಡದಾಗ ಅದು ‘ಪೊರಮಡು’. ‘ಹೊರಗ’ ಅನ್ನೋದು ಅದರ ಹೊಟ್ಟ್ಯಾಗs ಕೂತದ. ದಿನಾ ‘ನಾ ಹೊಂಟೆ’ ಅಂತೀವಿ, ಅದರಾಗ ‘ಹೊರಗ’ ಇದ್ದದ್ದು ನಮಗ ಖಬರೂ ಇರೂದಿಲ್ಲ.

ಇನ್ನ ಇಂಗ್ಲಿಷಿನ ‘ಔಟ್’ ಬರೇ ಬಾಗಲಾ ದಾಟೋದಕ್ಕಷ್ಟೇ ಅಲ್ಲ. ಡಬ್ಬಿಯೊಳಗಿನ ಸಕ್ಕರಿ ತೀರಿದ್ರ ರನ್ ಔಟ್. ದೀಪ ಆರಿದ್ರ ಗೋ ಔಟ್. ಸಂಜೀಕ ಚಿಕ್ಕಿ ಮೂಡಿದ್ರ ಕಮ್ ಔಟ್, ಗುಟ್ಟು ಬಯಲಾದ್ರೂ ಕಮ್ ಔಟ್. ಆರಿದ್ದಕ್ಕೂ ಔಟ್, ಮೂಡಿದ್ದಕ್ಕೂ ಔಟ್, ಇದೇನು ಹುಚ್ಚು ಭಾಷಾ ಅಂತ ಮಕ್ಕಳು ಕೇಳ್ತಾರ. ಉತ್ತರ ಸರಳ ಅದ. ನಾವು ಎಲ್ಲಿ ನಿಂತು ನೋಡ್ತೀವಿ ಅನ್ನೋದರ ಮ್ಯಾಲ ಅದು ಇರ್ತದ. ಒಳಗ ನಿಂತು ನೋಡಿದ್ರ ಹೊರಗ ಹೋದದ್ದು ಮಾಯ ಆಗ್ತದ, ಸಕ್ಕರಿ ಹಂಗ, ದೀಪದ ಹಂಗ. ಹೊರಗ ನಿಂತು ನೋಡಿದ್ರ ಒಳಗಿಂದ ಬಂದದ್ದು ಕಣ್ಣಿಗೆ ಬೀಳ್ತದ, ಚಿಕ್ಕಿ ಹಂಗ, ಗುಟ್ಟಿನ ಹಂಗ. ಇಷ್ಟು ಹೇಳಿಕೊಟ್ರ ಅರ್ಧಾ ಪಟ್ಟಿ ತಾನs ತಲ್ಯಾಗ ಕೂಡ್ತದ. ಒಂದೆರಡನ್ನ ಮಾತ್ರ ಬ್ಯಾರೆ ಹೇಳಬೇಕಾಗ್ತದ. ಕಾಲೇಜು ಮುಗಿಸಿದವರಿಗೆ ನಾವು ‘ಪಾಸ್ ಔಟ್ ಆದ’ ಅಂತೀವಲ್ಲ, ಇಂಗ್ಲಂಡ್, ಅಮೆರಿಕಾದಾಗ ಹಂಗಂದ್ರ ಎಚ್ಚರ ತಪ್ಪಿ ಬಿದ್ದ ಅಂತ ತಿಳಕೊಂಡು ಗಾಬರಿ ಆಗ್ತಾರ.

ಈಗ ನಮ್ಮ ಮನಿ ಮಾತಿಗೆ ಬರ್ರಿ. ನಮ್ಮಲ್ಲಿ ಹೊರಗ ಹೋಗೋ ಮಾತಿಗೆ ಒಂದು ಅಂಜಿಕಿ ಅದ. ಅಕ್ಕಿ ತೀರಿದ್ರ ‘ಅಕ್ಕಿ ಹೆಚ್ಚಾಗ್ಯಾವ’ ಅಂತೀವಿ. ಬಳಿ ಒಡದ್ರ ‘ಬಳಿ ಹೆಚ್ಚಾತು’ ಅಂತೀವಿ. ದೀಪ ಆರಸು ಅನ್ನೂದಿಲ್ಲ, ‘ದೊಡ್ಡದು ಮಾಡು’ ಅಂತೀವಿ. ಮನಿಯಿಂದ ಏಳೋವಾಗ ‘ಹೋಗ್ತೀನಿ’ ಅಂದ್ರ ಹಿರೇರು ನಾಲಿಗಿ ಕಚ್ಕೋತಾರ, ‘ಬರ್ತೀನಿ’ ಅನ್ನಬೇಕು. ಬಾಗಲಾ ದಾಟೋಕಿಂತ ಮೊದಲs ತಿರುಗಿ ಬರೋ ಮಾತು ಕೊಟ್ಟು ಹೋಗೋ ಪದ್ಧತಿ ಇದು. ಭಾಳ ಛಂದ ಅದ, ಇದನ್ನ ಬಿಡಬ್ಯಾಡ್ರಿ ಅಂತs ನಾನೂ ಹೇಳ್ತೀನಿ.

ಆದ್ರ ಅದs ‘ಹೊರಗ’ ಅನ್ನೋ ಶಬ್ದಕ್ಕ ಗಂಡಸರಿಗೊಂದು ಅರ್ಥ, ಹೆಂಗಸರಿಗೊಂದು ಅರ್ಥ ಆಗೇದ. ‘ಅವರು ಹೊರಗ ಹೋಗ್ಯಾರ’ ಅಂದ್ರ ಏನೋ ಕೆಲಸಕ್ಕ ಹೋಗ್ಯಾರ ಅಂತ. ‘ಆಕಿ ಹೊರಗಾಗ್ಯಾಳ’ ಅಂದ್ರ ಮೂರು ದಿನ ಮೂಲ್ಯಾಗ ಕೂತಾಳ ಅಂತ. ಮನ್ಯಾಗ ಇದ್ದಾಕಿನ್ನ ಹೊರಗ ಅಂದ್ವಿ, ಹೊರಗ ಹೋಗಬೇಕಂದಾಕಿನ್ನ ‘ಎಲ್ಲಿಗೆ? ಯಾಕ? ಯಾರ ಜೋಡಿ?’ ಅಂತ ಕೇಳಿದ್ವಿ.

ಕೇಳಿ ನೋಡ್ರಿ ಬೇಕಾದ್ರ. ಗಂಡಸರು ಚಪ್ಪಲಿ ಹಾಕ್ಕೊಂಡು ‘ಹೊರಗ ಹೋಗಿ ಬರ್ತೀನಿ’ ಅಂತಾರ, ಮಾತು ಮುಗೀತು. ಯಾರೂ ಮುಂದ ಕೇಳೂದಿಲ್ಲ. ನಾವು ಹೇಳೋದು ಹೆಂಗ? ‘ಕಾಯಿಪಲ್ಯಾ ತರ್ಲಿಕ್ಕೆ ಹೋಗಿ ಬರ್ತೀನಿ’, ‘ಗುಡಿಗೆ ಹೋಗಿ ಬರ್ತೀನಿ’, ‘ಬ್ಲೌಸ್ ಹೊಲಿಲಿಕ್ಕೆ ಕೊಟ್ಟು ಬರ್ತೀನಿ’. ಕಾರಣ ಇಲ್ಲದ ನಮಗ ಬಾಗಲಾ ತಗಿಯೂದಿಲ್ಲ. ಸುಮ್ನ ನಾಲ್ಕು ಹೆಜ್ಜಿ ಅಡ್ಡಾಡಿ ಬರಬೇಕು ಅನ್ನಿಸಿದ ದಿನಾನೂ ಕೈಯಾಗೊಂದು ಚೀಲ ಹಿಡಕೊಂಡು ಹೋಗೋ ಹೆಣ್ಮಕ್ಕಳು ನಮ್ಮ ಓಣ್ಯಾಗs ಎಷ್ಟು ಮಂದಿ ಇದ್ದಾರ, ನಿಮಗೂ ಗೊತ್ತದ.

ಇಂಗ್ಲಿಷಿನ ‘ಐ ಆ್ಯಮ್ ಗೋಯಿಂಗ್ ಔಟ್’ ಅನ್ನೋ ವಾಕ್ಯದಾಗ ಎಲ್ಲಿಗೆ ಅನ್ನೋದಿಲ್ಲ, ಯಾಕ ಅನ್ನೋದಿಲ್ಲ, ಆದ್ರೂ ಅದು ಪೂರಾ ವಾಕ್ಯ. ‘ಗೆಟ್ ಔಟ್’ ಅಂದ್ರ ನಮ್ಮ ಕಿವಿಗೆ ಬೈಗಳ ಇದ್ದಂಗ. ಅವರಲ್ಲಿ ಮನ್ಯಾಗs ಕೂತು ಬ್ಯಾಸರಾದವರಿಗೆ ‘ಒಂದಿಷ್ಟು ಗೆಟ್ ಔಟ್ ಮಾಡ್ರಿ’ ಅಂತ ಪ್ರೀತಿಲೇನೂ ಹೇಳ್ತಾರ, ನಾಲ್ಕು ಮಂದ್ಯಾಗ ಅಡ್ಡಾಡ್ರಿ ಅಂತ. ಅವರ ದೇಶದಾಗ ಹೆಂಗಸರಿಗೆ ಎಲ್ಲಾ ಸಸಾರ ಅದ ಅಂತ ನಾ ಅನ್ನೂದಿಲ್ಲ. ಅವರ ಗಂಡಸರೂ ಕೇಳೋದು ಕೇಳೇ ಕೇಳ್ತಿರಬೇಕು. ಆದ್ರ ಹಿಂಗ ಕಾರಣ ಇಲ್ಲದ ಹೇಳೋ ಮಾತು ನಮ್ಮ ಬಾಯಾಗೂ ಬರಬೇಕು ಅನ್ನೋದಷ್ಟs ನನ್ನ ವಾದ.

ಇದರ ಇನ್ನೊಂದು ಮಗ್ಗಲಾ ‘ಮೂವ್ ಔಟ್’. ಮಗಾ ಸೊಸಿ ಬ್ಯಾರೆ ಮನಿ ಮಾಡಿದ್ರ ನಾವು ‘ಬ್ಯಾರಿ ಆದ್ರು’ ಅಂತೀವಿ. ಆ ಮಾತಿನ್ಯಾಗs ಜಗಳ ಅದ, ಪಾಲಾದ ಭಾಂಡಿ ಸಪ್ಪಳ ಅದ. ‘ವಾಕ್ ಔಟ್’ ಮಾಡಿದಾಕಿಗೆ ‘ಮನಿ ಬಿಟ್ಟು ಹೋದ್ಲು’ ಅಂತೀವಿ. ಆಕಿ ಎತ್ತಾಗ ಹೋದ್ಲು ಅನ್ನೋದಕ್ಕಿಂತ ಏನು ಬಿಟ್ಲು ಅನ್ನೋದs ನಮಗ ದೊಡ್ಡದು. ಅಮೆರಿಕಾದಾಗ ಬೆಳೆದ ಮೊಮ್ಮಗಳು ‘ನಾ ಮೂವ್ ಔಟ್ ಆಗ್ತೀನಿ’ ಅಂದ್ರ ಇಲ್ಲೆ ಅಜ್ಜಿ ಕಣ್ಣೀರು ತಗೀತಾಳ. ಆಕಿ ಹೇಳಿದ್ದರ ಅರ್ಥ ಇಷ್ಟs ಇರ್ತದ, ಗಂಟುಮೂಟಿ ಕಟ್ಟಿಕೊಂಡು ಬ್ಯಾರೆ ಖೋಲಿ ಹಿಡೀತೀನಿ, ಆಯಿತವಾರ ಊಟಕ್ಕ ಬರ್ತೀನಿ. ಅಜ್ಜಿ ಕಿವಿಗೆ ಅದು ‘ಬ್ಯಾರಿ ಆಗ್ತೀನಿ’ ಅಂತ ಬೀಳ್ತದ. ನಡುವ ಇರೋ ಅವ್ವ ಅದನ್ನ ಬಿಡಿಸಿ ಹೇಳಿದ್ರ ಎಷ್ಟೋ ಮನಿ ಫೋನಿನ ಅಳು ಕಡಿಮಿ ಆಗ್ತದ.

ಹಿಂಗಂತ ಮನ್ಯಾಗೆಲ್ಲಾ ಇಂಗ್ಲಿಷ್ ಮಾತಾಡ್ರಿ ಅಂತ ನಾ ಹೇಳೂದಿಲ್ಲ. ನಮ್ಮ ಕನ್ನಡದಾಗs ಆ ವಾಕ್ಯ ಅದ, ‘ಹೊರಗ ಹೋಗಿ ಬರ್ತೀನಿ’. ಅದರಾಗ ಹೋಗೋದೂ ಅದ, ತಿರುಗಿ ಬರೋ ಮಾತೂ ಅದ. ಇಷ್ಟು ದಿನ ಅದನ್ನ ಗಂಡಸರಿಗಷ್ಟs ಬಿಟ್ಟು ಕೊಟ್ಟೀವಿ. ರಾತ್ರಿ ಆದ್ರ ಎಲ್ಲಿದ್ದೀವಿ ಅಂತ ಮನ್ಯಾಗ ತಿಳಿಸೋದು ಬ್ಯಾರೆ ಮಾತು, ಅದನ್ನ ಗಂಡಸರೂ ತಿಳಿಸಬೇಕು. ಹಗಲೊತ್ತಿನ್ಯಾಗ ಅರ್ಧಾ ತಾಸು ಅಡ್ಡಾಡಲಿಕ್ಕೆ ಕಾಯಿಪಲ್ಯಾದ ನೆಪ ಯಾಕ ಬೇಕು?

ಅತ್ತಿ ಆದವರಿಗೆ ಒಂದು ಮಾತು. ಸೊಸಿ ‘ಹೊರಗ ಹೋಗಿ ಬರ್ತೀನ್ರಿ ಅತ್ಯಾ’ ಅಂದ್ರ ‘ಹೂಂ, ಬಾ’ ಅನ್ರಿ, ಅಷ್ಟs. ಸೊಸ್ತ್ಯಾರಿಗೂ ಒಂದು ಮಾತು. ನಿಮ್ಮ ಅತ್ತಿಗೂ ಜನ್ಮದಾಗ ಯಾರೂ ಹಂಗ ಅಂದಿರಲಿಕ್ಕಿಲ್ಲ. ಒಂದಿನ ಚೀಲ ಇಲ್ಲದ ಅವರನ್ನೂ ಕರಕೊಂಡು ಹೋಗ್ರಿ. ವೈನಿ, ಕಾಕು, ಮೌಶಿ, ನಿಮ್ಮ ಮನ್ಯಾಗ ಇದು ಹೆಂಗ ನಡೀತದ, ಹೇಳ್ರಿ ಮತ್ತ.