ಮಗನ ಮೇಲೆ ಕೇಸಾದರೆ ಮೊದಲ 15 ದಿನ

2024ರ ಮೇನಲ್ಲಿ ಪುಣೆಯ ಪೋರ್ಷೆ ಅಪಘಾತದ 17ರ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿ ಜಾಮೀನು ಕೊಟ್ಟಾಗ ದೇಶ ಕೆರಳಿತು. ಸಿಟ್ಟು ಸರಿಯೇ. ಆದರೆ ನನ್ನ ಪ್ರಶ್ನೆ ಬೇರೆ: ಅಕ್ಕಿಆಲೂರಿನ ಕೂಲಿಕಾರರ ಮಗನ ಮೇಲೆ ಕೇಸಾದರೆ ಅಪ್ಪ-ಅಮ್ಮನಿಗೆ ಏನು ಗೊತ್ತಿರುತ್ತೆ?

2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ 15 ದಿನದಲ್ಲಿ ಪ್ರೊಬೇಷನ್ ಆಫೀಸರ್ ಹುಡುಗನ ಮನೆ, ಶಾಲೆ, ಸಹವಾಸದ ಬಗ್ಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು.

16 ದಾಟಿದವನ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯ ಆರೋಪವಿದ್ದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತೆ. ಅವನಿಗೆ ಪರಿಣಾಮದ ಅರಿವಿತ್ತೇ, ಸಂದರ್ಭ ಎಂಥದ್ದು ಅಂತ ನೋಡುತ್ತೆ. ತಪ್ಪು ಮಾಡಿದನೋ ಇಲ್ಲವೋ ಅನ್ನೋದು ಅಲ್ಲಿ ತೀರ್ಮಾನವಾಗಲ್ಲ. ಆದರೆ ವಯಸ್ಕನಂತೆ ವಿಚಾರಣೆಗೆ ಒಳಪಡಿಸುವ ದಾರಿ ಅಲ್ಲೇ ತೆರೆಯುತ್ತೆ. ಮಂಡಳಿಯಲ್ಲಿ ಮನಃಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಮರ್ಯಾದೆಗೆ ಅಂಜಿ ಆಫೀಸರ್ ಮುಂದೆ ಬಾಯಿ ಮುಚ್ಚಿಕೊಂಡರೆ ನಷ್ಟ ಮಗನಿಗೇ. ಶಾಲೆ ಬಿಟ್ಟಿದ್ದು, ದುಡಿಮೆಗೆ ಹೋಗಿದ್ದು, ಕಾಯಿಲೆ ಎಲ್ಲ ಹೇಳಿ. ವಯಸ್ಸಿಗೆ ಶಾಲೆಯ ದಾಖಲೆ ಒಯ್ಯಿರಿ. ಉಚಿತ ವಕೀಲರನ್ನು ಕೇಳಿ, ಅದು ಹಕ್ಕು. ಉಳ್ಳವರಿಗೆ ಇದನ್ನೆಲ್ಲ ವಕೀಲರೇ ಹೇಳಿಕೊಡ್ತಾರೆ. ಇಲ್ಲದವರಿಗೆ ಯಾರಾದರೂ ಮೊದಲ ದಿನವೇ ಹೇಳಬೇಕು.