ಗೆದ್ದ ಮಾತ್ರಕ್ಕೆ ಸರಿಯಾಯಿತೇ?

ಬೇಸ್‌ಬಾಲ್ ಆಟದ ಬಗ್ಗೆ ಗಣಿತದ ಮೇಷ್ಟರೊಬ್ಬ ಬರೆಯಹೊರಟರೆ ಓದುಗ ಮಿತ್ರರು ನಕ್ಕಾರು. ನಗಲಿ. ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ, 2014ರಲ್ಲಿ, ದಸರಾ ರಜೆಗೆ ಗಳಿಕೆ ರಜೆಯನ್ನು ಸೇರಿಸಿಕೊಂಡು ಆರು ವಾರ ಅಮೆರಿಕೆಯಲ್ಲಿದ್ದೆ. ಮಗಳ ಬಾಣಂತನಕ್ಕೆಂದು ನನ್ನಾಕೆ ಮೊದಲೇ ಹೋಗಿದ್ದಳು. ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್ ಎಂಬ ಊರು. ರಾಜ್ಯದ ಗಡಿ ದಾಟಿದರೆ ಮಿಸ್ಸೌರಿಯ ಕ್ಯಾನ್ಸಸ್ ಸಿಟಿ. ಬಾಣಂತಿಯ ಮನೆಯಲ್ಲಿ ಗಂಡಸರಿಗೆ ಏನು ಕೆಲಸ? ಅಳಿಯನೂ ನಾನೂ ಸಂಜೆಯಾದೊಡನೆ ಪಕ್ಕದ ಮನೆಯವರ ಟೀವಿಯ ಮುಂದೆ ಕೂರುತ್ತಿದ್ದೆವು. ಆ ನೆರೆಯವರು ಅಂಚೆ ಇಲಾಖೆಯಿಂದ ನಿವೃತ್ತರಾದ ವೃದ್ಧರು. ಊರಿನ ತಂಡ ರಾಯಲ್ಸ್ 1985ರಲ್ಲಿ ವರ್ಲ್ಡ್ ಸೀರೀಸ್ ಗೆದ್ದದ್ದನ್ನು ಕಣ್ಣಾರೆ ಕಂಡವರು. ಆಮೇಲೆ ಇಪ್ಪತ್ತೊಂಬತ್ತು ವರ್ಷ ಆ ತಂಡ ಅಂತಿಮ ಹಂತದ ಪಂದ್ಯಗಳ ಬಾಗಿಲನ್ನೇ ಮೆಟ್ಟಿರಲಿಲ್ಲ.

ಆಟ ನನಗೆ ಅರ್ಥವಾಗಲು ಎರಡು ಸಂಜೆ ಬೇಕಾಯಿತು. ಆದರೆ ಆಟಕ್ಕಿಂತ ಮೊದಲು ನನ್ನನ್ನು ಹಿಡಿದುಹಾಕಿದ್ದು ಅವರಿಬ್ಬರ ವಾದ. ನಮ್ಮಲ್ಲಿ ಕ್ರಿಕೆಟ್ ತಂಡದ ಆಯ್ಕೆ ಕುರಿತು ಹೋಟೆಲಿನ ಬೆಂಚಿನ ಮೇಲೆ ನಡೆಯುವ ಜಗಳದಂತೆಯೇ ಅದು, ಆದರೆ ಅದಕ್ಕಿಂತ ಲೆಕ್ಕದ ಜಗಳ.

ಸ್ವಲ್ಪ ವಿವರಿಸುತ್ತೇನೆ. ಕ್ರಿಕೆಟ್ಟಿನಲ್ಲಿ ಒಳ್ಳೆಯ ಚೆಂಡನ್ನು ಮುಟ್ಟದೆ ಬಿಟ್ಟರೂ, ವಿಕೆಟ್ಟಿಗೆ ತಾಗದಿದ್ದರೆ, ನಷ್ಟವಿಲ್ಲ. ಬೇಸ್‌ಬಾಲಿನಲ್ಲಿ ಹೊಡೆಯಬಹುದಾದ ಚೌಕದೊಳಗೆ ಬಂದ ಚೆಂಡನ್ನು ಬಿಟ್ಟರೆ ಒಂದು ಸ್ಟ್ರೈಕ್, ಬೀಸಿ ತಪ್ಪಿಸಿಕೊಂಡರೂ ಸ್ಟ್ರೈಕ್, ಮೂರಾದರೆ ಔಟ್. ಚೌಕದ ಹೊರಗೆ ಬಂದ ನಾಲ್ಕು ಚೆಂಡುಗಳನ್ನು ಬೀಸದೆ ಬಿಟ್ಟರೆ ಮೊದಲನೆಯ ಬೇಸಿಗೆ ಬಿಟ್ಟಿ ನಡಿಗೆ, ಅಂದರೆ ವಾಕ್. ಆದ್ದರಿಂದ ಬ್ಯಾಟು ಹಿಡಿದವನ ಮುಂದೆ ಎರಡು ದಾರಿ. ತಾಳ್ಮೆಯಿಂದ ಕಾದು, ವಾಕ್ ಗಳಿಸಿ, ತಕ್ಕ ಚೆಂಡು ಸಿಕ್ಕಾಗ ಮೈದಾನದಾಚೆ ಹೋಮ್‌ರನ್ ಎತ್ತುವುದು ಒಂದು. ಸ್ಟ್ರೈಕ್‌ಔಟ್ ಹೆಚ್ಚಾದರೂ ಚಿಂತಿಸದಿರುವುದು ಅದರ ಅಂಗ. ಸಿಕ್ಕಿದ್ದಕ್ಕೆ ಹೇಗಾದರೂ ಬ್ಯಾಟು ತಾಗಿಸಿ ಓಡುವುದು ಇನ್ನೊಂದು. 2014ರ ರಾಯಲ್ಸ್ ಎರಡನೆಯ ದಾರಿಯ ಪರಮ ಭಕ್ತರು. ಆ ವರ್ಷ ಅಮೆರಿಕೆಯ ಮೂವತ್ತು ದೊಡ್ಡ ತಂಡಗಳಲ್ಲಿ ಅತಿ ಕಡಿಮೆ ಹೋಮ್‌ರನ್ ಅವರದು, 95. ಅತಿ ಕಡಿಮೆ ವಾಕ್ ಕೂಡ ಅವರದೇ. ಆದರೆ ಅತಿ ಕಡಿಮೆ ಸ್ಟ್ರೈಕ್‌ಔಟ್ ಸಹ ಅವರದೇ, 985. ಉಳಿದ ತಂಡಗಳ ಸರಾಸರಿ ಸಾವಿರದ ಇನ್ನೂರಕ್ಕೂ ಮೇಲಿತ್ತು.

ಅಳಿಯ ಸಾಫ್ಟ್‌ವೇರ್ ಮನುಷ್ಯ, ಅಂಕಿಗಳ ಪಕ್ಷ. ಅವನ ಗುರು ಬಿಲ್ ಜೇಮ್ಸ್. ಈ ಬಿಲ್ ಜೇಮ್ಸ್ ಕ್ಯಾನ್ಸಸ್ ರಾಜ್ಯದವರೇ, ಅದೇ ರಾಯಲ್ಸಿನ ಅಭಿಮಾನಿ. ಹತ್ತಿರದ ಲಾರೆನ್ಸ್ ಎಂಬ ಊರಿನಲ್ಲಿ ಡಬ್ಬಿ ಆಹಾರದ ಕಾರ್ಖಾನೆಯ ರಾತ್ರಿ ಕಾವಲುಗಾರನಾಗಿದ್ದ ಕಾಲದಲ್ಲಿ ಆಟದ ಅಂಕಿಗಳನ್ನು ಕೂಡಿಸಿ ಕಳೆದು, 1977ರಿಂದ ತಾವೇ ಪುಸ್ತಿಕೆ ಅಚ್ಚು ಹಾಕಿಸಿ ಮಾರಿದವರು. ಹೀಗೆ ಅಂಕಿಶಾಸ್ತ್ರದ ಸಂಪ್ರದಾಯ ಹುಟ್ಟಿದ್ದು ಅಲ್ಲಿಯೇ, ಆದರೆ ಆ ಊರಿನ ತಂಡವೇ ಅದಕ್ಕೆ ಬೆನ್ನು ತಿರುಗಿಸಿತ್ತು. ವೃದ್ಧರಾದರೋ ಕಣ್ಣಿನ ಪಕ್ಷ. "ನಾನು ನೋಡುತ್ತೇನೆ, ನೀನು ಕೂಡಿಸುತ್ತೀಯ" ಎಂದು ಅಳಿಯನನ್ನು ಕೆಣಕುತ್ತಿದ್ದರು.

ಸೆಪ್ಟೆಂಬರ್ 30ರ ರಾತ್ರಿ ಓಕ್‌ಲ್ಯಾಂಡ್ ತಂಡದೊಡನೆ ಪಂದ್ಯ. ಸೋತವರು ಅಂದೇ ಮನೆಗೆ. ಕಡಿಮೆ ದುಡ್ಡಿನಲ್ಲಿ ಲೆಕ್ಕಾಚಾರದಿಂದಲೇ ತಂಡ ಕಟ್ಟುವುದಕ್ಕೆ ಹೆಸರಾದದ್ದು ಓಕ್‌ಲ್ಯಾಂಡ್. ಅವರ 2002ರ ಕಥೆ ಪುಸ್ತಕವಾಗಿ, ಸಿನಿಮಾವಾಗಿ ನಮ್ಮವರಿಗೂ ಗೊತ್ತು. ಆರನೆಯ ಸರದಿಯಲ್ಲಿ ರಾಯಲ್ಸ್ 3-2ರಿಂದ ಮುಂದಿದ್ದಾಗ ವ್ಯವಸ್ಥಾಪಕ ನೆಡ್ ಯೋಸ್ಟ್, ಚೆಂಡೆಸೆಯುತ್ತಿದ್ದ ಜೇಮ್ಸ್ ಶೀಲ್ಡ್ಸ್‌ನನ್ನು ಹೊರಗೆ ಕರೆದು ಯೊರ್ಡಾನೊ ವೆಂಚುರಾನನ್ನು ಇಳಿಸಿದ. ವೆಂಚುರಾ ಪಂದ್ಯ ಆರಂಭಿಸುವ ಪಿಚರ್. ಎರಡು ದಿನ ಹಿಂದೆಯಷ್ಟೇ ಎಸೆದು ದಣಿದಿದ್ದವನು. ಇಂತಹ ನಡುಹೊತ್ತಿಗೆಂದೇ ಕಾದಿರಿಸಿದ ಪಿಚರ್‌ಗಳು ದೇಶದಲ್ಲೇ ಉತ್ತಮರೆನಿಸಿ ಅಲ್ಲೇ ಕುಳಿತಿದ್ದರು. ಬಂದವನ ಚೆಂಡನ್ನು ಬ್ರ್ಯಾಂಡನ್ ಮಾಸ್ ಹೋಮ್‌ರನ್ನಿಗೆ ಎತ್ತಿದ. ಸರದಿ ಮುಗಿಯುವಷ್ಟರಲ್ಲಿ 7-3. ಸ್ವಂತ ಮೈದಾನದಲ್ಲಿ ಸ್ವಂತ ಜನವೇ ವ್ಯವಸ್ಥಾಪಕನನ್ನು ಛೀಮಾರಿ ಹಾಕಿತು. ಆ ಒಂದು ವಿಷಯದಲ್ಲಿ ನಮ್ಮ ಅಂಕಿಯೂ ಕಣ್ಣೂ ಒಂದಾಗಿದ್ದವು: ನಿರ್ಧಾರ ತಪ್ಪು.

ಆಮೇಲೆ ನಡೆದದ್ದು ಪವಾಡ. ಬೇಸ್ ಕದ್ದು, ಓಡಿ, ತಾಗಿಸಿ ರಾಯಲ್ಸ್ ಒಂಬತ್ತನೆಯ ಸರದಿಯಲ್ಲಿ ಸಮ ಮಾಡಿದರು. ಹನ್ನೆರಡನೆಯದರಲ್ಲಿ ಸಾಲ್ವಡಾರ್ ಪೆರೆಜ್, ಬಿಡಬೇಕಾಗಿದ್ದ, ಚೌಕದಿಂದ ಆಚೆ ಹೋಗುತ್ತಿದ್ದ ಚೆಂಡಿಗೆ ಮೈಚಾಚಿ ಬ್ಯಾಟು ತಾಗಿಸಿ ಮೂರನೆಯ ಬೇಸಿನ ಪಕ್ಕದಿಂದ ನುಸುಳಿಸಿದ. 9-8. ಆ ರಾತ್ರಿ ಓಣಿಯಲ್ಲೆಲ್ಲ ಕಾರುಗಳ ಹಾರ್ನ್. ಕೂಸು ಎದ್ದು ಅತ್ತಿತು, ನನ್ನಾಕೆ ಗೊಣಗಿದಳು.

ಮರುದಿನ ಬೆಳಿಗ್ಗೆ ವೃದ್ಧರು ಹೇಳಿದ ಮಾತು ನನಗೆ ವಿಚಿತ್ರವಾಗಿ ಕಂಡಿತು. "ಯೋಸ್ಟ್‌ಗೆ ಏನೋ ಗೊತ್ತಿತ್ತು." ಹಿಂದಿನ ರಾತ್ರಿ ಛೀ ಎಂದವರು ಇವರೇ! ಗೆಲುವು ಬಂದದ್ದು ಆ ನಿರ್ಧಾರದಿಂದಲ್ಲ, ಆ ನಿರ್ಧಾರದ ನಂತರವೂ ಬಂದದ್ದು. ಉತ್ತರ ಸರಿ ಬಂದರೆ ವಿಧಾನಕ್ಕೂ ಪೂರ್ಣಾಂಕ ಕೊಡುವ ಪರೀಕ್ಷಕರನ್ನು ನಾನು ಮೌಲ್ಯಮಾಪನ ಕೇಂದ್ರಗಳಲ್ಲಿ ಕಂಡಿದ್ದೇನೆ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಿಯುತ್ತರ ಬಂದ ಲೆಕ್ಕಗಳು ನೂರಾರು ನನ್ನ ಕೆಂಪು ಶಾಯಿಯ ಕೆಳಗೆ ಹಾದುಹೋಗಿವೆ.

ತಂಡ ಅಲ್ಲಿಂದ ಎದುರಾದವರನ್ನೆಲ್ಲ ಸೋಲಿಸಿ ವರ್ಲ್ಡ್ ಸೀರೀಸ್‌ಗೆ ಹೋಯಿತು. ಅಕ್ಟೋಬರ್ 29, ಏಳನೆಯ ಪಂದ್ಯ. ಸ್ಯಾನ್ ಫ್ರಾನ್ಸಿಸ್ಕೊ 3, ರಾಯಲ್ಸ್ 2. ಕೊನೆಯ ಸರದಿ, ಇಬ್ಬರು ಔಟ್. ಅಲೆಕ್ಸ್ ಗೋರ್ಡನ್ ಹೊಡೆದ ಚೆಂಡನ್ನು ಎದುರಾಳಿಗಳಿಬ್ಬರು ತಡಬಡಾಯಿಸಿ ಬಿಟ್ಟರು. ಗೋರ್ಡನ್ ಮೂರನೆಯ ಬೇಸಿಗೆ ಬಂದಾಗ ಅಲ್ಲಿನ ಕೋಚ್ ಕೈ ಎತ್ತಿ ನಿಲ್ಲಿಸಿದ. ಇನ್ನು ತೊಂಬತ್ತು ಅಡಿ ಓಡಿದ್ದರೆ ಸಮ! ಮುಂದಿನವನು ಅದೇ ಪೆರೆಜ್. ಎದುರಿಗೆ ಮ್ಯಾಡಿಸನ್ ಬಮ್‌ಗಾರ್ನರ್. ಎರಡೇ ದಿನದ ವಿಶ್ರಾಂತಿಯ ಮೇಲೆ ಬಂದು ಐದು ಸರದಿ ಎಸೆದ ಮಹಾನುಭಾವ. ಪೆರೆಜ್ ಸಿಕ್ಕಿದ್ದಕ್ಕೆಲ್ಲ ಬೀಸುತ್ತಾನೆಂದು ಬಲ್ಲ ಅವನು ಎದೆಮಟ್ಟಕ್ಕೂ ಮೇಲೆ ಚೆಂಡು ಹಾಕುತ್ತಲೇ ಹೋದ. ಪೆರೆಜ್ ಬೀಸಿದ, ಚೆಂಡು ನೆಟ್ಟಗೆ ಮೇಲೇರಿ ಕ್ಯಾಚಾಯಿತು. ಮುಗಿಯಿತು.

ಗಮನಿಸಿ, ಅದೇ ಮನುಷ್ಯ, ಅದೇ ಅಭ್ಯಾಸ. ಸೆಪ್ಟೆಂಬರಿನಲ್ಲಿ ಅದು ಊರಿಗೆ ಹಬ್ಬ ತಂದಿತ್ತು, ಅಕ್ಟೋಬರಿನಲ್ಲಿ ಸೂತಕ. ಆದರೆ ಜನ ದೂರಿದ್ದು ಪೆರೆಜ್‌ನನ್ನಲ್ಲ, ಗೋರ್ಡನ್‌ನನ್ನು ನಿಲ್ಲಿಸಿದ ಕೋಚನ್ನು. ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ: ನಿಲ್ಲಿಸಿದ್ದು ಸರಿ. ಗೋರ್ಡನ್ ಮೂರನೆಯ ಬೇಸ್ ತಲಪುವ ವೇಳೆಗೆ ಚೆಂಡು ಒಳ್ಳೆಯ ತೋಳಿನ ಶಾರ್ಟ್‌ಸ್ಟಾಪ್‌ನ ಕೈಗೆ ಬಂದಾಗಿತ್ತು. ಓಡಿದ್ದರೆ ಮುಕ್ಕಾಲು ದಾರಿಯಲ್ಲೇ ಕಾದು ಹಿಡಿಯುತ್ತಿದ್ದರು. ಸರಿಯಾದ ನಿರ್ಧಾರ ಮಾಡಿ ಸೋತವನು ಕೋಚ್. ತಪ್ಪು ನಿರ್ಧಾರ ಮಾಡಿ ಗೆದ್ದವನು ಯೋಸ್ಟ್. ಒಂದೇ ತಿಂಗಳಲ್ಲಿ ಒಂದೇ ಮೈದಾನದಲ್ಲಿ ಎರಡಕ್ಕೂ ಉದಾಹರಣೆ ಸಿಕ್ಕಿತು. ಪಾಠ ಮಾಡುವವನಿಗೆ ಇದಕ್ಕಿಂತ ಭಾಗ್ಯ ಬೇಕೆ?

ಆಟಗಾರರ ಆಯ್ಕೆಯ ಜಗಳ ಇನ್ನೂ ಹಳೆಯದು. 2012ರ ಡಿಸೆಂಬರಿನಲ್ಲಿ ತಂಡದ ಮುಖ್ಯಸ್ಥ ಡೇಟನ್ ಮೂರ್, ಭವಿಷ್ಯದ ತಾರೆಯೆಂದು ಎಲ್ಲರೂ ನೆಚ್ಚಿದ್ದ ವಿಲ್ ಮೈಯರ್ಸ್ ಎಂಬ ಹುಡುಗನನ್ನೂ ಇನ್ನು ಕೆಲವರನ್ನೂ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು ಶೀಲ್ಡ್ಸ್ ಮತ್ತು ವೇಡ್ ಡೇವಿಸ್‌ರನ್ನು ತಂದ. ಎರಡು ವರ್ಷದ ಶೀಲ್ಡ್ಸ್‌ಗಾಗಿ ಹತ್ತು ವರ್ಷದ ಹುಡುಗನನ್ನು ಮಾರಿದರೆಂದು ಅಂಕಿ ಪಕ್ಷ ಕೂಗೆಬ್ಬಿಸಿತು. ಮೈಯರ್ಸ್ 2013ರಲ್ಲಿ ವರ್ಷದ ಶ್ರೇಷ್ಠ ಹೊಸಬನಾದಾಗ ಆ ಕೂಗು ಇಮ್ಮಡಿಯಾಯಿತು. ಮುಂದೆ ಡೇವಿಸ್ ಸೋಲಿಲ್ಲದ ಸರದಾರನಾದ. 2015ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ಪಡೆದವನೇ ಅವನು. ಈಗ ಎಲ್ಲರೂ ಮೂರ್ ದೂರದರ್ಶಿಯೆಂದರು. ಆದರೆ ನಡುವಿನ ಹೆಜ್ಜೆ ನೋಡಬೇಡವೇ? ಡೇವಿಸ್‌ನನ್ನು ತಂದದ್ದು ಪಂದ್ಯ ಆರಂಭಿಸುವ ಪಿಚರ್ ಆಗಿ. 2013ರಲ್ಲಿ ಆ ಕೆಲಸದಲ್ಲಿ ಅವನು ವಿಫಲನಾದ, ಬುಲ್‌ಪೆನ್ನಿಗೆ ತಳ್ಳಲ್ಪಟ್ಟ. 2014ರ ವಸಂತದಲ್ಲಿ ಲ್ಯೂಕ್ ಹೋಚೆವರ್‌ನ ಮೊಣಕೈ ಕೆಟ್ಟದ್ದರಿಂದ ಎಂಟನೆಯ ಸರದಿಯ ಹೊಣೆ ಅವನಿಗೆ ಬಂತು. ಇದನ್ನು 2012ರಲ್ಲಿ ಯಾರು ಕಂಡಿದ್ದರು? ಅಂದು ವಿರೋಧಿಸಿದವರನ್ನು ಇಂದು ಹಾಸ್ಯ ಮಾಡುವುದು ಅನ್ಯಾಯ. ಅವರ ಕೈಯಲ್ಲಿದ್ದ ಅಂಕಿಗಳಿಗೆ ಅವರ ವಾದ ನಿಷ್ಠವಾಗಿತ್ತು.

ಹಾಗೆಂದು ನಾನು ಅಂಕಿ ಪಕ್ಷದ ವಕೀಲನಲ್ಲ. ರಾಯಲ್ಸ್ ಬ್ಯಾಟಿಂಗ್ ದಾರಿ ಅವರಿಗೆ ತಕ್ಕದ್ದೇ ಆಗಿತ್ತು ಎಂಬುದು ನನ್ನ ಅಭಿಪ್ರಾಯ. ಅದು ಗೆದ್ದದ್ದರಿಂದಲ್ಲ. ಕಾಫ್‌ಮನ್ ಮೈದಾನ ವಿಶಾಲ, ಅಲ್ಲಿ ಹೋಮ್‌ರನ್ ಎತ್ತುವುದು ಕಷ್ಟ, ಹರವಿನೊಳಗೆ ಚೆಂಡು ಬೀಳುವ ಜಾಗ ಹೆಚ್ಚು. ಸಣ್ಣ ಊರಿನ ತಂಡ ದೊಡ್ಡ ಹೊಡೆತಗಾರರನ್ನು ಹಣ ಸುರಿದು ಕೊಳ್ಳಲಾರದು, ಓಡುವವರನ್ನೂ ಹಿಡಿಯುವವರನ್ನೂ ಬೆಳೆಸಿಕೊಳ್ಳಬಲ್ಲದು. ಈ ಕಾರಣಗಳು ಸೋತಿದ್ದರೂ ನಿಲ್ಲುತ್ತಿದ್ದವು. ಆದರೆ 2015ರಲ್ಲಿ ಆಲ್ಸಿಡೀಸ್ ಎಸ್ಕೋಬಾರ್‌ನನ್ನು ಮೊದಲ ಕ್ರಮಾಂಕದಲ್ಲಿ ಆಡಿಸಿದ್ದಕ್ಕೆ ಇಂಥ ಕಾರಣ ನನಗೆ ಸಿಗದು. ನೂರು ಸಲ ಬ್ಯಾಟು ಹಿಡಿದರೆ ಇಪ್ಪತ್ತೊಂಬತ್ತು ಸಲ ಮಾತ್ರ ಬೇಸ್ ಮುಟ್ಟುವವನಿಗೆ ಅತಿ ಹೆಚ್ಚು ಸರದಿ ಸಿಗುವ ಸ್ಥಾನವೇಕೆ? ಆ ವರ್ಷದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಅವನು ತನ್ನೆದುರು ಬಂದ ಮೊದಲ ಚೆಂಡಿಗೇ ಬೀಸಿ, ಮೈದಾನದೊಳಗೇ ಓಡಿ ಹೋಮ್‌ರನ್ ಪೂರೈಸಿದ. "ಈಗೇನಂತೀರಿ ಮಾವ?" ಎಂದು ಅಳಿಯ ಫೋನಿನಲ್ಲಿ ನಕ್ಕ, ಅಂಕಿ ಪಕ್ಷದವನೂ ಅಷ್ಟರಲ್ಲಿ ಕರಗಿಹೋಗಿದ್ದ. ಕಪ್ಪು ಬಂತು, ಊರಿಗೆ ಊರೇ ಬೀದಿಗಿಳಿಯಿತು, ವಾದ ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿದರು.

ನನಗೇಕೆ ಇದು ಇಷ್ಟು ಕಾಡುತ್ತದೆಂದರೆ, ಇಂಥ ಆಯ್ಕೆಯ ಪಟ್ಟಿಯನ್ನು ನಾನೂ ಬರೆದಿದ್ದೇನೆ. ತೊಂಬತ್ತರ ದಶಕದಲ್ಲಿ ನಾನಿದ್ದ ಒಂದು ಹೈಸ್ಕೂಲಿನಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಕೆಡದಂತೆ ಒಂಬತ್ತನೆಯ ತರಗತಿಯಲ್ಲಿಯೇ ದುರ್ಬಲರನ್ನು ತಡೆಯುವ ರೂಢಿಯಿತ್ತು. ಗಣಿತದ ಪಟ್ಟಿ ನನ್ನದು. ಒಬ್ಬ ಹುಡುಗ, ಸಂತೆಯಲ್ಲಿ ತಂದೆಯ ಜೊತೆ ವೀಳ್ಯದೆಲೆ ಮಾರುವವನು, ಕಟ್ಟುಗಳ ಲೆಕ್ಕವನ್ನು ಬಾಯಲ್ಲೇ ನನಗಿಂತ ಬೇಗ ಹೇಳುತ್ತಿದ್ದ. ಬೀಜಗಣಿತ ಮಾತ್ರ ಅವನಿಗೆ ಹಿಡಿಸಲಿಲ್ಲ. ಅಂಕಪಟ್ಟಿ ನೋಡಿ ಅವನ ಹೆಸರನ್ನು ತಡೆಯುವವರ ಸಾಲಿಗೆ ಸೇರಿಸಿದೆ. ಜೂನ್ ತಿಂಗಳಲ್ಲಿ ಅವನು ಶಾಲೆಗೆ ಬರಲೇ ಇಲ್ಲ. ಮರುವರ್ಷ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂತು. ಊರಿನ ಪ್ರಮುಖರು ನನಗೆ ಹಾರ ಹಾಕಿ, ಮೇಷ್ಟರ ಕಟ್ಟುನಿಟ್ಟು ಫಲ ಕೊಟ್ಟಿತು ಎಂದರು. ನಾನೂ ನಂಬಿದೆ. ಅವನು ಪರೀಕ್ಷೆಗೆ ಕುಳಿತಿದ್ದರೆ ತೇರ್ಗಡೆಯಾಗುತ್ತಿದ್ದನೇ ಎಂಬುದನ್ನು ಆ ನೂರರ ಅಂಕಿ ಹೇಳುವುದಿಲ್ಲ, ಏಕೆಂದರೆ ಆ ನೂರರೊಳಗೆ ಅವನೇ ಇಲ್ಲ. ಯೋಸ್ಟ್‌ನಿಗೆ ಛೀ ಎಂದ ಜನ ಮರುದಿನ ಅವನನ್ನು ಹೊಗಳಿದ್ದನ್ನು ಕಂಡಾಗ ನನಗೆ ನೆನಪಾದದ್ದು ಆ ಹಾರ.

ಆ ತಂಡ ಮುಂದೆ ಚದುರಿತು. ಹೊಡೆತಗಾರರು ಹಣವಿದ್ದ ಊರುಗಳಿಗೆ ಹೋದರು. ವೆಂಚುರಾ 2017ರ ಜನವರಿಯಲ್ಲಿ ತನ್ನ ದೇಶದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ, ಇಪ್ಪತ್ತೈದು ವಯಸ್ಸು. 2018ರಲ್ಲಿ ರಾಯಲ್ಸ್ 104 ಪಂದ್ಯ ಸೋತಿತು, ಮರುವರ್ಷ 103. ಬ್ಯಾಟಿಂಗ್ ದಾರಿಯನ್ನು ಹಾಡಿ ಹೊಗಳಿದ್ದವರು ಈಗ ಅದೇ ಬಾಯಿಂದ ಹಳಿದರು. 2024ರಲ್ಲಿ ಬಾಬಿ ವಿಟ್ ಎಂಬ ಹೊಸ ಹುಡುಗನ ಬಲದಿಂದ ತಂಡ ಮತ್ತೆ ಅಂತಿಮ ಹಂತಕ್ಕೆ ಬಂದು ನ್ಯೂಯಾರ್ಕ್ ಯಾಂಕೀಸ್ ಎದುರು ಸೋತಿತು. ಆ ಅಕ್ಟೋಬರಿನಲ್ಲಿ ಅಳಿಯ ವಿಡಿಯೋ ಕರೆ ಮಾಡಿ ಫೋನನ್ನು ಪಕ್ಕದ ಮನೆಗೆ ಒಯ್ದ. ವೃದ್ಧರು ಇಳಿದುಹೋಗಿದ್ದರು, ಕಿವಿಗೆ ಯಂತ್ರ ಬಂದಿತ್ತು. ಕುಶಲ ಕೇಳುವ ಮೊದಲೇ ಅವರು ಹೇಳಿದ್ದು, ಅಂದು ಗೋರ್ಡನ್ ಓಡಬೇಕಾಗಿತ್ತು ಎಂದು. ಕೂಡದು ಎಂದೆ. ಅರ್ಧ ಗಂಟೆ ನಡೆಯಿತು. ಅವರ ಹೆಂಡತಿ ಊಟಕ್ಕೆ ಕರೆದಾಗ ನಿಲ್ಲಿಸಿದೆವು.