ದಾಖಲೆಯ ತಪ್ಪು ಸರ್ಕಾರದ್ದು, ಶಿಕ್ಷೆ ಪ್ರಜೆಗೆ

ಭಾರತೀಯರೆಂದು ರುಜುವಾತುಪಡಿಸಲು ಹತ್ತೇ ದಿನ. ಆಗದಿದ್ದರೆ 24 ಗಂಟೆಗಳೊಳಗೆ ಜಾಗ ಖಾಲಿ ಮಾಡುವಂತೆ ಆದೇಶ. ಅಸ್ಸಾಂ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿದ ಕಾರ್ಯವಿಧಾನದ ಸಾರ ಇದು. 1950ರ ವಲಸಿಗರ (ಅಸ್ಸಾಂನಿಂದ ಉಚ್ಚಾಟನೆ) ಕಾಯ್ದೆಯ ದೂಳು ಕೊಡವಿ, ಪೌರತ್ವದಂತಹ ಗಂಭೀರ ಪ್ರಶ್ನೆಯನ್ನು ಜಿಲ್ಲಾ ಆಯುಕ್ತರ ಮೇಜಿಗೆ ತರಲಾಗಿದೆ. ಈ ಪ್ರಶ್ನೆಯನ್ನು ತೀರ್ಮಾನಿಸುತ್ತ ಬಂದ ವಿದೇಶಿಯರ ನ್ಯಾಯಮಂಡಳಿಗಳ ಕಾರ್ಯವೈಖರಿಯೇ ಸಮಾಧಾನಕರವಾಗಿರಲಿಲ್ಲ; ಅದಕ್ಕಿಂತಲೂ ಅವಸರದ ದಾರಿ ಹಿಡಿದಿರುವುದು ಆತಂಕಕಾರಿ.

ಅಕ್ರಮ ವಲಸೆ ತಡೆಯುವುದು ಸರ್ಕಾರದ ಹೊಣೆ. ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಸಾಕ್ಷ್ಯ ಕೇಳುವ ಬಗೆಯಲ್ಲಿ. ಬೇರೆ ಮೊಕದ್ದಮೆಗಳಲ್ಲಿ ಸಾಮಾನ್ಯವಾಗಿ ಆರೋಪ ಮಾಡಿದವರೇ ಅದನ್ನು ಸಾಬೀತು ಮಾಡಬೇಕು. 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್ ಆ ಭಾರವನ್ನು ನೋಟಿಸ್ ಪಡೆದವರ ತಲೆಗೇ ಕಟ್ಟಿತು. 2025ರ ಹೊಸ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ.

ಈ ಭಾರ ಎಷ್ಟೆಂಬುದನ್ನು ಕಡತವನ್ನು ಬಿಚ್ಚಿಯೇ ನೋಡಬೇಕು. ಅಸ್ಸಾಂನಲ್ಲಿ ಪೌರತ್ವಕ್ಕೆ ಗಡುವಾಗಿರುವ 1971ರ ಮಾರ್ಚ್ 25ಕ್ಕೆ ಮೊದಲೇ ಕುಟುಂಬ ಇಲ್ಲಿತ್ತು ಎನ್ನಲು 1951ರ ಪೌರತ್ವ ನೋಂದಣಿ, 1966 ಅಥವಾ 1970ರ ಮತದಾರರ ಪಟ್ಟಿಯಂತಹ ದಾಖಲೆಯಲ್ಲಿ ಅಪ್ಪ ಇಲ್ಲವೇ ಅಜ್ಜನ ಹೆಸರು ಸಿಗಬೇಕು. ಜೆರಾಕ್ಸ್ ನಡೆಯದು, ದೃಢೀಕೃತ ನಕಲೇ ಬೇಕು. ಆ ಅಜ್ಜನ ಮೊಮ್ಮಗ ತಾನೇ ಎನ್ನುವುದಕ್ಕೆ ಬೇರೆ ಕಾಗದ ಬೇಕು. ಶಾಲೆಯ ಪ್ರಮಾಣಪತ್ರವಿದ್ದರೆ ಮುಖ್ಯೋಪಾಧ್ಯಾಯರೇ ಬಂದು ಸಾಕ್ಷಿ ನುಡಿಯಬೇಕು. ಪ್ಯಾನ್ ಕಾರ್ಡ್, ಬ್ಯಾಂಕ್ ದಾಖಲೆ, ಕಂದಾಯ ರಸೀದಿ ಪೌರತ್ವಕ್ಕೆ ಪುರಾವೆಯಲ್ಲ ಎಂದು ಗುವಾಹಟಿ ಹೈಕೋರ್ಟ್ 2020ರಲ್ಲಿ ಹೇಳಿತು. ಪ್ರತಿವರ್ಷ ಬ್ರಹ್ಮಪುತ್ರದ ನೆರೆಗೆ ಮನೆಮಠ ಕಳೆದುಕೊಳ್ಳುವವರು ಇಷ್ಟನ್ನೂ ಎಲ್ಲಿಂದ ತಂದಾರು?

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಶಾಲೆ ಕಾಣದೆ, ಬೇಗ ಮದುವೆಯಾಗಿ ಹೋದವಳ ಹೆಸರು ಸರ್ಕಾರಿ ಕಾಗದದಲ್ಲಿ ಮೊದಲು ಮೂಡುವುದೇ ಗಂಡನ ಊರಿನ ಮತದಾರರ ಪಟ್ಟಿಯಲ್ಲಿ. ಅವಳು ಇಂಥವರ ಮಗಳೆನ್ನಲು ಉಳಿಯುವುದು ಪಂಚಾಯಿತಿ ಕಾರ್ಯದರ್ಶಿಯ ಪತ್ರವೊಂದೇ. ಅದನ್ನೂ ಹೈಕೋರ್ಟ್ 2017ರಲ್ಲಿ ತಳ್ಳಿಹಾಕಿತ್ತು. ಪರಿಶೀಲನೆಗೆ ಒಳಪಟ್ಟು ಅದನ್ನು ಪರಿಗಣಿಸಬಹುದು ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಲಕ್ಷಾಂತರ ಮಹಿಳೆಯರು ಉಸಿರಾಡುವಂತಾಯಿತು.

ಮತದಾರರ ಪಟ್ಟಿಯಲ್ಲಿ ಹೆಸರು ಬರೆದವರು, ವಯಸ್ಸನ್ನು ಅಂದಾಜಿನಲ್ಲಿ ನಮೂದಿಸಿದವರು ಸರ್ಕಾರದ ಸಿಬ್ಬಂದಿ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಕಾಗುಣಿತ ಬದಲಾದರೆ ಅನುಮಾನಕ್ಕೆ ಗುರಿಯಾಗುವುದು ಮಾತ್ರ ಓದುಬರಹ ಬಾರದ ಬಡವ. ಅಸ್ಸಾಂನ ಒಬ್ಬ ವ್ಯಕ್ತಿಯನ್ನು ನ್ಯಾಯಮಂಡಳಿ 2012ರಲ್ಲಿ ಏಕಪಕ್ಷೀಯವಾಗಿ ವಿದೇಶಿ ಎಂದು ಘೋಷಿಸಿತ್ತು. ಹೆಸರು, ದಿನಾಂಕಗಳಲ್ಲಿನ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಪೌರತ್ವ ಕಸಿಯಲಾಗದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಆತನನ್ನು ಭಾರತೀಯನೆಂದು ಸಾರಿತು. ಅಷ್ಟರಲ್ಲಿ ಆತ ತೀರಿಕೊಂಡು ಎರಡು ವರ್ಷ ದಾಟಿತ್ತು.

ಇದು ದೂರದ ಅಸ್ಸಾಂನ ತಲೆನೋವು ಎಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಬಾಂಗ್ಲಾದೇಶೀಯರೆಂಬ ಗುಮಾನಿಯ ಮೇಲೆ ಕೂಲಿಕಾರರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಗುಡಿಸಲು ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು.

ಸರ್ಕಾರ ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಹಳೆಯ ಪಟ್ಟಿಗಳೆಲ್ಲ ಇರುವುದು ಅದರದೇ ದಾಖಲೆ ಕೊಠಡಿಯಲ್ಲಿ. ನೋಟಿಸ್ ಕೊಡುವ ಮೊದಲೇ ಅವನ್ನು ಹುಡುಕಿ, ದೃಢೀಕೃತ ನಕಲನ್ನು ನೋಟಿಸಿನ ಜೊತೆಗೇ ಕೊಡಲಿ. ಮೊದಲ ದಿನದಿಂದಲೇ ಉಚಿತ ವಕೀಲರನ್ನು ಒದಗಿಸಲಿ. ಸಾಕ್ಷಿ ಹೇಳಬೇಕಾದ ನೌಕರರನ್ನು ಕರೆತರುವ ಹೊಣೆಯನ್ನೂ ತಾನೇ ಹೊರಲಿ. ತೀರ್ಮಾನ ನ್ಯಾಯಾಧೀಶರ ಕೈಯಲ್ಲಿರಲಿ. 2025ರಲ್ಲಿ ಅಕ್ರಮ ವಲಸಿಗರೆಂದು ಬಾಂಗ್ಲಾದೇಶದ ಗಡಿಯಾಚೆ ತಳ್ಳಿದವರಲ್ಲಿ ಕೆಲವರನ್ನು ನಮ್ಮವರೆಂದು ವಾಪಸ್ ಕರೆತರಬೇಕಾಯಿತು. ಮೊದಲು ಹೊರದಬ್ಬಿ ಆಮೇಲೆ ದಾಖಲೆ ನೋಡುವ ಆಡಳಿತಕ್ಕೆ ಕಾನೂನಿನ ಹೆಸರು ಹೇಳುವ ಯೋಗ್ಯತೆಯಿಲ್ಲ.